ಲಾಡಿಗೆ ಕಟ್ಟಿದ ಮೈಕು

ಜೀರಿಗೆಯ ವಾಸನೆ, ಜೊತೆಗೆ ಇನ್ನೊಂದು, ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಕುರ್ಚಿಯದೋ, ಅಲ್ಲ, ಹಳೇ ರೇಡಿಯೋ ಕಾದಾಗ ಬರುತ್ತಿತ್ತಲ್ಲ ಅದು — ಸಂಡಿಗೆ ಮಿಷಿನ್ನಿನ ಮುಚ್ಚಳ ತೆಗೆದದ್ದೇ ತಡ ಎರಡೂ ಸೇರಿ ಮೂಗಿಗೆ ಬಂದವು, ಐದು ಬೇಸಿಗೆ ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸಿದ ತಟ್ಟೆಗಳು, ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕಿನ ಹವೆಯಲ್ಲಿ ಬಿಸಿಲಿಗಿಟ್ಟ ಹಪ್ಪಳ ಒಣಗುವ ಬದಲು ಇನ್ನಷ್ಟು ನೆನೆಯುತ್ತದೆ ಅಂತ ತಾನೇ ಕುಮುದಾ ಇದನ್ನು ಕೊಂಡದ್ದು, ಹುಡುಗಿ ಕೇಳಿದಳೆಂದು ಹೋದ ವಾರ ಕಳಿಸಿಕೊಟ್ಟದ್ದು, ಈಗ ನೋಡಿದರೆ ಆ ತಟ್ಟೆಗಳ ತಳ ಕತ್ತರಿಸಿ ನಡುವೆ ಒಂದು ಟೇಪಿನ ಸುರುಳಿ, ಊಟದ ತಟ್ಟೆಯಷ್ಟು ಅಗಲ, ನಿನ್ನೆ ಹಗಲೆಲ್ಲ ಹದವಾದ ಶಾಖದಲ್ಲಿ ಒಣಗಿ, ರಾತ್ರಿಯೆಲ್ಲ ಆರಿ, ಈಗ ನಿಶಿತಾಳ ಎರಡು ಕೈಗಳ ಮೇಲೆ, ಹಸಿ ಬಾಣಂತಿಯ ಕೂಸನ್ನು ಎತ್ತಿಕೊಂಡ ಹಾಗೆ. ಧಾರವಾಡದ ಹುಡುಗಿ, ಆಸ್ಟಿನ್‌ನಲ್ಲಿ ಓದುತ್ತಾಳೆ, ಬಾಡಿಗೆ ಮನೆಯ ಗರಾಜಿನಲ್ಲಿ ಹಳೇ ಟೇಪುಗಳಿಗೆ ಜೀವ ತುಂಬುತ್ತಾಳೆ, ಇವಳಪ್ಪ ಅಮ್ಮನಿಗೆ ಇದೆಲ್ಲ ಗೊತ್ತೋ ಇಲ್ಲವೋ — ಟೇಪಿನ ಅಂಟು ನೀರು ಕುಡದದ ಆಂಟಿ, ಹಂಗ ಹಾಕಿದ್ರ ಕಿತ್ಕೊಂಡ ಬರ್ತದ, ಒಣಗಿಸಿದ್ರ ಒಂದ ಸಲ ಹಾಡ್ತದ, ಎರಡನೇ ಸಲಕ್ಕ ಉಳಿತದೋ ಇಲ್ಲೋ ಹೇಳಾಕ ಬರಂಗಿಲ್ರಿ. ಒಂದು ಸಲ ಸಾಕು ಮಗಾ, ಅಂದಿದ್ದಳು ಕುಮುದಾ ಫೋನಿನಲ್ಲಿ, ದೊಡ್ಡ ಧೈರ್ಯವಂತಳ ಹಾಗೆ, ಈಗ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಚುಂಗು ತಿರುಚುತ್ತಿದ್ದಾಳೆ.

ಪಕ್ಕದಲ್ಲಿ ಇವರು. ಚಂದ್ರಮೋಹನ ಅಂತ ಹೆಸರಿಟ್ಟದ್ದು ಅತ್ತೆ, ಕುಮುದಾಗೆ ಮೊದಲ ದಿನದಿಂದ ಇವರು ಇವರೇ, ಎಪ್ಪತ್ತೊಂಬತ್ತಾದರೂ ಕಾಫಿ ಲೋಟವನ್ನು ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಳ್ಳುತ್ತಾರೆ, ಆಸ್ಟಿನ್‌ವರೆಗೆ ಮೂರು ಗಂಟೆ ತಾನೇ ಡ್ರೈವ್ ಮಾಡಿಕೊಂಡು ಬಂದರು, ಕಾಲರಿನ ಕೆಳಗೆ ಬಿಳಿ ಬಟ್ಟೆಯ ಚಿಕ್ಕ ಚೌಕ, ಅದರ ಹಿಂದೆ ಎರಡು ವರ್ಷದ ಹಿಂದೆ ಡಾಕ್ಟರು ತೆಗೆದ ಧ್ವನಿಪೆಟ್ಟಿಗೆಯ ಜಾಗ, ಮಾತು ಹೋಯಿತು, ಮನುಷ್ಯ ಉಳಿದ, ಅಷ್ಟು ಸಾಕು ದೇವರೇ ಅಂದುಕೊಂಡಿದ್ದಳು ಆಗ, ಈಗಲೂ ಸಾಕು, ಸುಳ್ಳಲ್ಲ, ಗಂಟಲಿಗೆ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದಾರೆ, ಇವರು ಅದನ್ನು ಡ್ರಾಯರಿನಲ್ಲಿಟ್ಟು ತೊಡೆಯ ಮೇಲೆ ಪುಟ್ಟ ಬಿಳಿ ಬೋರ್ಡು ಇಟ್ಟುಕೊಂಡಿದ್ದಾರೆ, ಅಕ್ಷರ ಮುತ್ತಿನ ಹಾಗೆ, ಜಗಳ ಆಡಬೇಕಾದರೂ ಒತ್ತು ದೀರ್ಘ ತಪ್ಪುವುದಿಲ್ಲ, ಬರೆದು ಮುಗಿಸುವಷ್ಟರಲ್ಲಿ ಅವಳ ಸಿಟ್ಟೇ ಇಳಿದುಹೋಗಿರುತ್ತದೆ. ಮನೆ ತುಂಬಾ ತಣ್ಣಗಿದೆ, ಯಾರಿಗೂ ಏನೂ ಕಡಿಮೆಯಿಲ್ಲ. ಒಂದೇ ಒಂದು — ಹೋದ ವರ್ಷ ದೀಪಾವಳಿಯ ಹಿಂದಿನ ದಿನ ಒಗ್ಗರಣೆಗೆ ಸಾಸಿವೆ ಹಾಕಿ, ಇವರು ಆಗೆಲ್ಲ ಏನು ಅನ್ನುತ್ತಿದ್ದರು ಅಂತ ನೆನೆಸಿಕೊಂಡರೆ ಮಾತು ನೆನಪಿದೆ, ಧ್ವನಿ ಇಲ್ಲ, ಸಾಸಿವೆ ಸೀದು ಹೊಗೆಯಾಯಿತು, ನಿಂತೇ ಇದ್ದಳು, ಮನಸ್ಸಿನೊಳಗೆ ಇವರು ಬಾಯಿ ಆಡಿಸುತ್ತಾರೆ, ಕೇಳುವುದಿಲ್ಲ.

ರೆಕಾರ್ಡು ಇಲ್ಲವಾ ಅಮ್ಮಾ ಎಲ್ಲೂ, ಅಂದಳು ಫ್ರಿಸ್ಕೋದಿಂದ ಮಗಳು ಶ್ರಾವಣಿ, ಇದೆ ಕಣೇ, ನಿನ್ನ ಹುಟ್ಟಿದಹಬ್ಬದ ವಿಡಿಯೋಗಳಿವೆ, ಕ್ಯಾಮೆರಾ ಹಿಂದೆ ನಿಂತು ಇತ್ತ ನೋಡು ಇತ್ತ ನೋಡು ಅಂತಾರೆ, ಅಷ್ಟರಲ್ಲಿ ಗಂಟಲು ಒರಟಾಗಿಹೋಗಿತ್ತು, ಅದು ಇವರ ಧ್ವನಿ ಹೌದು, ನಾನು ಮದುವೆಯಾದ ಧ್ವನಿ ಅಲ್ಲ. ಮೊದಮೊದಲು ಮೈಸೂರಿಗೆ ಕಾಗದದ ಬದಲು ಕ್ಯಾಸೆಟ್ಟು ಕಳಿಸುತ್ತಿದ್ದರು, ಅತ್ತೆ ಹೊನ್ನಮ್ಮ ಕೇಳಿ ಕಣ್ಣೊರೆಸಿಕೊಂಡು ಅದರ ಮೇಲೇ ತಮ್ಮ ಮಾತು ತುಂಬಿ ವಾಪಸು ಕಳಿಸುತ್ತಿದ್ದರು, ಮತ್ತೆ ಅದರ ಮೇಲೆ ಇವರು, ಮತ್ತೆ ಅತ್ತೆ, ಒಂದೇ ಕ್ಯಾಸೆಟ್ಟು ಹತ್ತು ಸಲ ಸಮುದ್ರ ದಾಟಿತು, ಕೊನೆಗೆ ಅದರಲ್ಲಿ ಉಳಿದದ್ದು ಪಕ್ಕದ ಮನೆಯ ಹಸು ತಪ್ಪಿಸಿಕೊಂಡ ಕಥೆ, ಅತ್ತೆಯ ಬಾಯಲ್ಲಿ, ಎರಡೂ ಕಡೆ. ಮೊಮ್ಮಗ ನಿಶ್ಚಲ್ ಪಾಪ ತಾನೇ ಮುಂದೆ ಬಂದ, ಅಜ್ಜಿ, ಐ ಜಸ್ಟ್ ನೀಡ್ ಥರ್ಟಿ ಸೆಕೆಂಡ್ಸ್, ಆ ವಿಡಿಯೋಗಳಿಂದ ಕಂಪ್ಯೂಟರಿನಲ್ಲಿ ತಾತನ ಧ್ವನಿ ಮಾಡಿಕೊಟ್ಟ, ಒರಟು ತೆಗೆದು ನುಣುಪು ಮಾಡಿ, ಅದು ಏರ್‌ಪೋರ್ಟಿನಲ್ಲಿ ಫ್ಲೈಟು ಲೇಟು ಅಂತ ಹೇಳುವವನ ಹಾಗೆ ಕುಮುದಾ ಹೇಗಿದ್ದೀಯಾ ಅಂದಿತು, ಚೆನ್ನಾಗಿದೆ ಪುಟ್ಟಾ ಅಂದು ಆಫ್ ಮಾಡಿದಳು, ಇವರು ಭುಜ ಕುಲುಕಿಸಿ ನಕ್ಕರು, ನಗುವಿಗೂ ಸದ್ದಿಲ್ಲ.

ನಿಶಿತಾ ಹತ್ತಿ ಸುತ್ತಿದ ಕಡ್ಡಿಯಿಂದ ಟೇಪ್ ನುಡಿಸುವ ಮಿಷಿನ್ನಿನ ಮುಖ ಒರೆಸುತ್ತಾಳೆ, ಟೇಪನ್ನು ಅದರ ಸಂದಿಯಲ್ಲಿ ಪೋಣಿಸುತ್ತಾಳೆ, ಈ ಕೆಲಸವನ್ನು ಕುಮುದಾ ನೋಡಿದ್ದಾಳೆ, ಸಾವಿರದ ಒಂಬೈನೂರ ಎಪ್ಪತ್ತೆರಡು, ಹ್ಯೂಸ್ಟನ್ನಿನ ಆ ಎರಡಂತಸ್ತಿನ ಮರದ ಮನೆ, ಮೇಲೆ ಇವರಿಬ್ಬರು, ಓದುವ ಹುಡುಗ ಮತ್ತು ಅವನ ಇಪ್ಪತ್ತರ ಹೆಂಡತಿ, ಕೆಳಗೆ ಕೂದಲು ಬಿಟ್ಟ ನಾಲ್ಕು ಜನ, ಟಿನ್ ಪೆಲಿಕನ್ ಅಂತ ಅವರ ಬ್ಯಾಂಡು, ದೊಡ್ಡ ಸ್ಟುಡಿಯೋ ಎಟುಕದೆ ಮನೆಯನ್ನೇ ಸ್ಟುಡಿಯೋ ಮಾಡಿಕೊಂಡು ಆಲ್ಬಮ್ ಮಾಡುತ್ತಿದ್ದರು, ಕಿಟಕಿಗೆ ಹಾಸಿಗೆ ಒರಗಿಸಿ, ಅಡುಗೆಮನೆಯಲ್ಲಿ ಎಂಟು ಮೈಕುಗಳ ಸದ್ದನ್ನು ಎಂಟು ಬೇರೆ ಸಾಲುಗಳಲ್ಲಿ ಹಿಡಿಯುವ ಟೇಪ್ ಮಿಷಿನ್ನಿಟ್ಟು, ಅದೇ ಹಾಡು ಬೆಳಗಿನಿಂದ ಸಂಜೆಯವರೆಗೆ, ಮೂವತ್ತು ಸಲ, ಸಾರು ಕುದಿಸುತ್ತ ಕುದಿಸುತ್ತ ಅವಳಿಗೇ ಬಾಯಿಪಾಠ, ಡ್ರಮ್ ಬಾರಿಸುವ ವೆಂಡೆಲ್ ಎಲ್ಲಿ ಎಡವುತ್ತಾನೆ ಅಂತ ಅವನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು, ಅಗೋ ಬಂತು, ಅಗೋ ಬಿದ್ದ. ಆ ವೆಂಡೆಲ್ ಒಂದು ದಿನ ಬಾಗಿಲು ತಟ್ಟಿ, ಮ್ಯಾಮ್, ಸದ್ದು ಅಡಗಿಸಲು ಗೋಡೆಗೆ ಹಚ್ಚಬೇಕು, ಮೊಟ್ಟೆಯ ಟ್ರೇ ಇದೆಯಾ, ಅಯ್ಯೋ ನಾವು ಮೊಟ್ಟೆ ತಿನ್ನೋರಲ್ಲಪ್ಪ, ಹಾಗಾದರೆ ಕಂಬಳಿ, ಅತ್ತೆ ಕೊಟ್ಟ ಕರಿ ಕಂಬಳಿ ಡ್ರಮ್ಮಿನ ಹೊಟ್ಟೆ ಸೇರಿತು, ಹಾಗಾದರೆ ಗಟ್ಟಿ ದಾರ, ದಾರ ಎಲ್ಲಿ ಹುಡುಕಲಿ, ಒಣಹಾಕಿದ್ದ ಲಂಗದಿಂದ ಲಾಡಿ ಎಳೆದು ಕೊಟ್ಟಳು, ಅವನು ಡ್ರಮ್ಮನ್ನು ಮೆಟ್ಟಿಲ ಬುಡದಲ್ಲಿಟ್ಟು, ಮೇಲಿನ ಕಟಕಟೆಗೆ ಆ ಲಾಡಿಯಿಂದ ಒಂದು ಮೈಕು ಕಟ್ಟಿ ಇಳಿಬಿಟ್ಟ, ಬಾವಿಯ ಹಾಗೆ ಟೊಳ್ಳಾದ ಆ ಮೆಟ್ಟಿಲ ಜಾಗದಲ್ಲಿ ಸದ್ದು ದೊಡ್ಡದಾಗಿ ಏರಿ ಬರಲಿ ಅಂತ, ನೀಲಿ ಲಾಡಿ, ತುದಿಯಲ್ಲಿ ಗಂಟು, ಅದರ ಕೆಳಗೆ ಮೈಕು ತೂಗುತ್ತಿತ್ತು, ಇವರು ನೋಡಿ ಕೆಂಪಗಾಗಿ, ಲೋಕಕ್ಕೆಲ್ಲ ತೋರಿಸಬೇಕಾ ಅದನ್ನ, ಅಂದರು.

ಆ ಲಾಡಿ ಹಾಗೇ ಇತ್ತು ಆ ಸಂಜೆಯೂ. ಜಗಳದ ಸಂಜೆ. ಎಂಥ ಜಗಳ ಅಂದರೆ ಹೇಳಲು ನಾಚಿಕೆ, ಕೊತ್ತಂಬರಿ ಸೊಪ್ಪಿಗೆ, ಆರು ತಿಂಗಳಾಗಿತ್ತು ಬಂದು, ಸಾರಿಗೆ ಹಾಕಲು ಒಂದು ಎಸಳು ಕೊತ್ತಂಬರಿ ಇಲ್ಲ, ಸೌಟು ಎಸೆದು, ಕೊತ್ತಂಬರಿ ಸಿಗದ ದೇಶದಲ್ಲಿ ನಾನಿರಲ್ಲ, ನನ್ನನ್ನ ಮೈಸೂರಿಗೆ ಕಳಿಸಿಬಿಡಿ, ಅಂತ ಅತ್ತಳು, ಸೊಪ್ಪಿಗಾ ಅತ್ತದ್ದು, ಯಾರಿಗೆ ಗೊತ್ತು, ಇವರು ಚಪ್ಪಲಿ ಮೆಟ್ಟಿ ಹೋದರು, ಎರಡು ಗಂಟೆ, ಕೆಳಗೆ ವೆಂಡೆಲ್ ಧಬಧಬ, ಅವಳು ನಿಜವಾಗಿಯೂ ತೀರ್ಮಾನ ಮಾಡಿದ್ದಳು, ಟಿಕೆಟ್ಟು ಕೇಳುವುದು, ಹೊರಡುವುದು. ಆಮೇಲೆ ಬಂದರು, ಕೈಯಲ್ಲಿ ಒಂದು ಕಟ್ಟು ಸೊಪ್ಪು, ಸಾರಿಗೆ ಹಾಕಿದರೆ ಹುಲ್ಲಿನ ವಾಸನೆ, ಕೊತ್ತಂಬರಿ ಅಲ್ಲ, ಪಾರ್ಸ್ಲಿ ಅಂತ ಇನ್ನೇನೋ, ನಕ್ಕೂ ನಕ್ಕೂ ಸಾರು ಚೆಲ್ಲಿದರು, ಟಿಕೆಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಸೊಪ್ಪು ಹಿಡಿದು ಬಂದಾಗ ಕೆಳಗಿಂದ ಇವರು ಕೂಗಿದ್ದು ಟೇಪಿಗೆ ಬಿತ್ತು, ಹಾಡು ಮುಗಿಯಿತು ಅಂದುಕೊಂಡು ಕೂಗಿದರಂತೆ, ಆಲ್ಬಮ್ ಬಂತು, ನಾಲ್ಕನೆಯ ಹಾಡಿನ ಕೊನೆಯಲ್ಲಿ ಕಿವಿಗೊಟ್ಟರೆ ಕುಮು ಅಂತ ಸಣ್ಣಗೆ, ಅಷ್ಟರಲ್ಲಿ ಹಾಡಿನ ಸದ್ದನ್ನೇ ಇಳಿಸಿಬಿಟ್ಟಿದ್ದಾರೆ, ಒಂದು ಕುಮು, ಅಷ್ಟೇ. ಅದರ ಮೇಲೆ ಐವತ್ತಮೂರು ವರ್ಷ ವಾದ, ನೀವು ಸಿಟ್ಟಿನಲ್ಲೇ ಕೂಗಿದ್ದು ಅಂತ ಅವಳು, ನಾನು ಸಿಟ್ಟಿನಲ್ಲಿರಲಿಲ್ಲ ಅಂತ ಇವರು, ಮೂರು ಸಲ ಕೂಗಿಸಿ ಆಮೇಲೆ ಚಿಲಕ ತೆಗೆದೆ ಅಂತ ಅವಳು ಪ್ರತಿ ಯುಗಾದಿಗೆ ಕನ್ನಡ ಕೂಟದ ಹೆಂಗಸರ ಮುಂದೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ, ಇವರಿಬ್ಬರೂ ಎಷ್ಟು ಸಲ ಉಂಡು ಮಲಗಿ ಎದ್ದರು, ಆ ಕುಮು ಮಾತ್ರ ಇತ್ಯರ್ಥವಾಗಲಿಲ್ಲ. ಹೋದ ತಿಂಗಳು ವೆಂಡೆಲ್ ಫೋನು, ಎಪ್ಪತ್ತಾರಾದ ಮುದುಕ ಈಗ, ಗರಾಜು ಕ್ಲೀನ್ ಮಾಡುವಾಗ ಮೂಲ ಟೇಪು ಸಿಕ್ಕಿತು, ಇದನ್ನು ಯಾರೂ ಇಳಿಸಿಲ್ಲ ಕತ್ತರಿಸಿಲ್ಲ, ಕೊನೆಯವರೆಗೂ ಇರಬೇಕು, ಮೊದಲು ನೀವು ಕೇಳಿ. ಬೋರ್ಡಿನ ಮೇಲೆ ಇವರು ಬರೆದರು, ಸೋಲಲು ತಯಾರಿದ್ದೀಯಾ? ಅವಳು ತಯಾರಿದ್ದಳು, ಸಿಟ್ಟೋ ಪ್ರೀತಿಯೋ ಏನಾದರೂ ಇರಲಿ, ಧ್ವನಿಯೊಂದು ಇರಲಿ.

ಹಾಕಲೇನ್ರಿ ಆಂಟಿ? ಎಂಟನೇ ಸಾಲೊಂದ ಬಿಡ್ತೀನಿ, ಮೆಟ್ಟಿಲ ಮೈಕಿಂದು. ಗುಂಡಿ ಒತ್ತಿದಳು, ಸುರುಳಿ ತಿರುಗಿತು, ಮೊದಲು ಬರೀ ಉಸಿರು, ಖಾಲಿ ಮೆಟ್ಟಿಲ ಉಸಿರು, ಆಮೇಲೆ ಕೋಲು ಕೋಲಿಗೆ ತಾಗಿ ಒನ್ ಟೂ, ಅಯ್ಯೋ, ವೆಂಡೆಲ್ಲನ ಡ್ರಮ್ಮು, ಅತ್ತೆಯ ಕಂಬಳಿ ಹೊಟ್ಟೆಯೊಳಗಿಟ್ಟುಕೊಂಡು ಧಿಮ್ ಧಿಮ್ ಅಂತ, ಗಿಟಾರು ಎಲ್ಲೋ ಗೋಡೆಯಾಚೆ, ಕುಮುದಾಳ ಕಾಲು ತಾನಾಗಿ ತಾಳ ಹಾಕುತ್ತಿದೆ, ಎಪ್ಪತ್ತಮೂರರ ಕಾಲು, ಮಂಡಿ ನೋವಿನ ಕಾಲು, ಅದಕ್ಕೆ ಏನೂ ಮರೆತಿಲ್ಲ, ಅಗೋ ಎಡವುವ ಜಾಗ, ಎಡವಲಿಲ್ಲ, ಭೇಷ್ ಕಣೋ, ಇವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಾರೆ, ಎಷ್ಟು ಚೆನ್ನಾಗಿದೆ ಈ ಮಧ್ಯಾಹ್ನ, ಇಷ್ಟಕ್ಕೇ ನಿಂತರೂ ನಷ್ಟವಿಲ್ಲ ಅಂದುಕೊಳ್ಳುವಷ್ಟರಲ್ಲಿ — ಕಿರ್ರ್, ಸೀಮೆಸುಣ್ಣ ಜಾರಿದ ಹಾಗೆ, ಟೇಪು ಕಿರುಗುಟ್ಟುತ್ತಿದೆ, ಮಿಷಿನ್ನಿನ ಮುಖದ ಮೇಲೆ ಕಂದು ಪುಡಿ, ಜೀರಿಗೆ ಪುಡಿಯ ಬಣ್ಣ, ಆಂಟಿ, ಅಂಟು ಬಿಡಾಕತ್ತದ, ನಿಲ್ಲಿಸಲೇನು, ಇನ್ನೊಮ್ಮೆ ಒಣಗಸೋಣು, ನಿಲ್ಲಿಸಿದ್ರ ಹರೀಬಹುದು, ನಿಲ್ಲಿಸದಿದ್ರೂ ಹೋಗಬಹುದು, ಲಗೂನ ಹೇಳ್ರಿ — ನನ್ನನ್ನೇಕೆ ಕೇಳುತ್ತೀಯಾ ತಾಯಿ, ಇನ್ನು ಅರ್ಧ ನಿಮಿಷ ಇದೆ ಹಾಡು, ಹೋದರೆ ಹೋಗೇಬಿಡುತ್ತದೆ, ಹೆದರಿದಳು, ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿದ ದಿನದಷ್ಟೇ ಹೆದರಿದಳು, ಇವರ ಕಡೆ ತಿರುಗಿದಳು, ಇವರು ಬೋರ್ಡು ಮುಟ್ಟಲಿಲ್ಲ, ಕೈ ಮಾತ್ರ ಮುಂದಕ್ಕೆ ಬೀಸಿದರು, ಹೋಗಲಿ, ಓಡಲಿ, ಬಿಡು.

ಓಡಿತು. ಕೊನೆಯ ಏಟು ಬಿತ್ತು, ತಾಳದ ತಗಡು ಗುಂಯ್ ಅಂತ ಮೆಟ್ಟಿಲ ಬಾವಿಯಲ್ಲಿ ಸುತ್ತುತ್ತಿದೆ, ಎಲ್ಪಿಯಲ್ಲಿ ಇಲ್ಲೇ ಎಲ್ಲ ಇಳಿದುಹೋಗುತ್ತದೆ, ಇಲ್ಲಿ ಇಳಿಯಲಿಲ್ಲ, ಬೀದಿ ಬಾಗಿಲು ಕಿರ್ ಅಂದಿತು, ಕುಮುದಾ — ಪೂರ್ತಿ, ಮೂರೂ ಅಕ್ಷರ, ಕೊನೆಯದು ಎಳೆದು ಸ್ವಲ್ಪ ಮೇಲಕ್ಕೆ ಹೋಗಿ — ಬಾರೇ, ಇಲ್ನೋಡು, ಸಿಕ್ಕೇಬಿಡ್ತು ಕಣೇ! ಅಯ್ಯೋ ಇದೇ, ಇದೇ, ಹೇಗೆ ಮರೆತಿದ್ದೆ, ಉಸಿರು ಕಟ್ಟಿದೆ, ಎಷ್ಟು ದೂರ ಓಡಿ ಬಂದಿದ್ದಾರೋ, ಸಿಟ್ಟಿನ ಸುಳಿವಿಲ್ಲ, ತಪ್ಪು ಸೊಪ್ಪು ಹಿಡಿದುಕೊಂಡು ರಾಜ್ಯ ಗೆದ್ದವರ ಖುಷಿ, ಸೋತೆ ಕಣ್ರೀ, ಸಂತೋಷವಾಗಿ ಸೋತೆ, ಕಣ್ಣು ಒರೆಸಿಕೊಳ್ಳಬೇಕು, ಕೈ ಏಳುತ್ತಿಲ್ಲ, ಅಷ್ಟರಲ್ಲಿ ಇನ್ನೊಂದು ಸದ್ದು, ಹತ್ತಿರದ್ದು, ಕಿವಿಯ ಪಕ್ಕದ್ದು, ಬಾರೇ ಅನ್ನುವಾಗಲೇ ಶುರುವಾದದ್ದು, ಬಳೆ, ಮರದ ಮೇಲೆ ಕಾಲುಂಗುರ ಟಕಟಕ ಟಕಟಕ — ಎಲ್ಲಿ ಎರಡನೆಯ ಕೂಗು, ಮೂರನೆಯದು, ಎಲ್ಲಿ ಚಿಲಕದ ಸದ್ದು, ಚಿಲಕವೇ ಇಲ್ಲ, ಬಾಗಿಲೇ ಇಲ್ಲ, ಅವಳು ಒಳಗಿರಲೇ ಇಲ್ಲ, ಕಟಕಟೆಯ ಹತ್ತಿರ, ಮೈಕಿನ ಪಕ್ಕ, ಅದೆಷ್ಟು ಹೊತ್ತಿನಿಂದಲೋ ಬೀದಿ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಇವರು ನಿಧಾನವಾಗಿ ಅವಳ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದರು, ಒಂದು, ಒಂದೇ ಸಲ. ಢಬ್ ಅಂತ ದೊಡ್ಡ ಸದ್ದು, ಏನೋ ಮೈಕಿಗೆ ತಾಗಿದ್ದು, ಅವಳ ಸೆರಗೇ ಇರಬೇಕು, ಆಮೇಲೆ ಟೇಪು ಕಿರುಗುಟ್ಟಿ ಹಿಡಿದುಕೊಂಡಿತು, ನಿಶಿತಾ ಏನೋ ಅನ್ನುತ್ತಿದ್ದಾಳೆ, ಅಷ್ಟ ರೀ ಆಂಟಿ, ಎಲ್ಲಾ ಬಂತ್ರಿ, ಕಂಪ್ಯೂಟರಿಗೆ ಇಳಿದದ, ಕೇಳ್ತೀರೇನು ಮತ್ತ, ಕುಮುದಾ ಕೇಳಿಸಿಕೊಳ್ಳುತ್ತಿಲ್ಲ, ಸೆರಗು ತಾಗಿದ ಮೈಕು ನೀಲಿ ಲಾಡಿಯ ತುದಿಯಲ್ಲಿ ಅತ್ತ ಹೋಗಿ ಇತ್ತ ಬರುತ್ತಿದೆ, ಕೆಳಗೆ ಅವನು, ಇಪ್ಪತ್ತಾರರವನು, ಸೊಪ್ಪಿನ ಕಟ್ಟು ಮೇಲಕ್ಕೆ ಹಿಡಿದು ಕತ್ತೆತ್ತಿದ್ದಾನೆ, ಅವನ ಮುಖದ ಮುಂದೆ ಮೈಕು ತೂಗುತ್ತಿದೆ, ನೀಲಿ ಲಾಡಿ, ತೂಗುತ್ತಿದೆ