ಗುಣಿಸದೇ ಉಳಿದ ಹತ್ತು

ಏಳು ಸಮುದ್ರಗಳ ನೀರನ್ನು ಏಳು ಬಾಟಲಿಯಲ್ಲಿ ತಂದಿಟ್ಟರೂ ಯಾವುದು ಎಲ್ಲಿಯದೆಂದು ಹೇಳಬಲ್ಲವರು ಎಂದು ಆ ನೀರು ಪರೀಕ್ಷಾಲಯದಲ್ಲಿ ಅವರಿಗೆ ಹೆಸರಿತ್ತು. ಬೆನ್ನ ಹಿಂದೆ ಎಲ್ಲರಿಗೂ ಅವರು ‘ತಕ್ಕಡಿ ಸರ್’. ಆ ಬೆಳಿಗ್ಗೆ ತಕ್ಕಡಿ ಸರ್ ಮೂರು ವಾರದ ಹಿಂದಿನ ತಮ್ಮದೇ ಟಿಪ್ಪಣಿ ಪುಸ್ತಕ ತೆರೆದು ಕುಳಿತಿದ್ದರು.

ಒಂದು ಬಾವಿಯ ನೀರು. ಬಣ್ಣ ತೀರಾ ಗಾಢವಾಗಿ ಬಂದಿತ್ತೆಂದು ಹತ್ತು ಪಟ್ಟು ತೆಳುಮಾಡಿ, ಹಸುಗೂಸುಗಳ ರಕ್ತಕ್ಕೆ ವಿಷವಾಗುವ ನೈಟ್ರೇಟ್ ಅಳೆದಿದ್ದರು. ಹನ್ನೆರಡು ಬಂತು. ಅದನ್ನು ಹತ್ತರಿಂದ ಗುಣಿಸಿ ನೂರಿಪ್ಪತ್ತು ಎಂದು ಬರೆಯಬೇಕಿತ್ತು; ಮಿತಿ ನಲವತ್ತೈದು. ಅಷ್ಟರಲ್ಲಿ ಫೋನ್ ಬಂತು. ವರದಿಯಲ್ಲಿ ಹನ್ನೆರಡೇ ಉಳಿಯಿತು. ‘ಕುಡಿಯಲು ಯೋಗ್ಯ.’ ಅದೇ ನೀರಲ್ಲಿ ಪುಡಿಹಾಲು ಕಲಸಿ ಕುಡಿಸಿದ ಎರಡು ತಿಂಗಳ ಕೂಸು ಮೈಯೆಲ್ಲ ನೀಲಿಗಟ್ಟಿ ತೀರಿಹೋಗಿತ್ತು.

ಪಕ್ಕದ ಮೇಜಿನ ಸಹಾಯಕಿ ತಲೆತಗ್ಗಿಸಿ ಹೇಳಿದಳು: “ತೆಳುಮಾಡಿದ್ದು ನೋಡಿದ್ದೆ ಸರ್. ವರದೀಲಿ ಹನ್ನೆರಡು ಅಂತ ನೋಡಿ ಆವತ್ತೇ ಅನುಮಾನ ಬಂತು.”

“ಮತ್ತೆ ಯಾಕಮ್ಮ ಬಾಯಿ ಬಿಡಲಿಲ್ಲ?”

“ಹಿಂದೊಮ್ಮೆ ಕೇಳಿದ್ದಕ್ಕೆ ‘ನೀನು ಹುಟ್ಟೋ ಮುಂಚೆ ಪಿಪೆಟ್ ಹಿಡಿದವನು ನಾನು’ ಅಂದ್ರಿ. ತಿಂಗಳಿಡೀ ಎಲ್ಲರೂ ನನ್ನನ್ನ ಇನ್‌ಸ್ಪೆಕ್ಟರಮ್ಮ ಅಂತ ಕರೆದ್ರು.”

ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರು ತಾವೇ ಎಂಬುದು ತಕ್ಕಡಿ ಸರ್‌ಗೆ ನೆನಪಾಯಿತು.

ಮುಖ್ಯಸ್ಥರು ಬಾಗಿಲು ಮುಚ್ಚಿಕೊಂಡು ಬಂದರು. “ಯಂತ್ರ ಕೆಟ್ಟಿತ್ತು ಅಂತ ಬರೆದುಬಿಡಿ. ಯಂತ್ರಕ್ಕೇನು ಮಾನಾನಾ, ಮರ್ಯಾದೆನಾ? ನಿವೃತ್ತಿಗೆ ಎಂಟೇ ತಿಂಗಳು ನಿಮಗೆ. ನಿಜ ಹೇಳಿದ್ರೆ ಮಗು ವಾಪಸ್ ಬರುತ್ತಾ?”

“ಬರಲ್ಲ ಸರ್. ಆದ್ರೆ ಹಾಗೆ ಬರೆದ್ರೆ ಯಂತ್ರ ರಿಪೇರಿ ಮಾಡಿಸಿ, ಎಲ್ಲಾ ಸರಿಹೋಯ್ತು ಅಂತ ನಾವು ಸುಮ್ಮನಾಗ್ತೀವಿ.”

ಅವರು ಹೊರಗೆ ಬಂದಾಗ ಬೆಂಚಿನ ಮೇಲೆ ಆ ಕೂಸಿನ ತಾಯಿ ಕುಳಿತಿದ್ದಳು. ಕೈಯಲ್ಲಿ ಒಂದು ಬಾಟಲಿ ನೀರು.

“ಅಣ್ಣಾ, ಅದೇ ಬಾವೀದು. ಪಕ್ಕದ ಮನೇಲೂ ಹಸುಗೂಸಿದೆ. ಕೊಡಬಹುದಾ?”

“ಬೇಡಮ್ಮ. ಕಾಯಿಸಿದ್ರೂ ಈ ವಿಷ ಹೋಗಲ್ಲ.”

“ನಾನು ಕುದಿಸಿ, ಆರಿಸಿಯೇ ಕೊಟ್ಟೆ. ಆದ್ರೂ ಅತ್ತೆ, ‘ಬಾಟ್ಲಿ ಸರಿಯಾಗಿ ತೊಳೀಲಿಲ್ಲ, ನೀನೇ ಕೊಂದೆ’ ಅಂತಾರೆ. ಇರಬಹುದೇನೋ ಅಣ್ಣ. ಒಂದಿನ ನಿದ್ದೆಗಣ್ಣಲ್ಲಿ ತೊಳೆದಿದ್ದೆ.”

ಅವರು ಅವಳ ಪಕ್ಕದಲ್ಲೇ ಕುಳಿತರು. “ನೀನಲ್ಲ ತಾಯಿ. ತಪ್ಪು ನನ್ನದು.”

ಅವಳು ಬೈಯಲಿಲ್ಲ. ಬಾಟಲಿಯನ್ನು ಎದೆಗವಚಿಕೊಂಡು ಅಂದಳು: “ಬರೆದುಕೊಡ್ತೀರಾ? ನಾನು ಹೇಳಿದ್ರೆ ಮನೇಲಿ ನಂಬಲ್ಲ.”

ಅವರು ಒಳಗೆ ಬಂದು ಬರೆದರು. ಮೊಹರು ಒತ್ತುವ ಮೊದಲು ಕಾಗದವನ್ನು ಸಹಾಯಕಿಯ ಮುಂದಿಟ್ಟರು. “ಓದಮ್ಮ. ತಪ್ಪಿದ್ರೆ ಹೇಳು.”

ಅವಳು ಎರಡು ಸಲ ಓದಿದಳು. ಬೆರಳು ಒಂದು ಕಡೆ ನಿಂತಿತು. “ಸರ್, ಇಲ್ಲಿ ‘ಮಗುವಿಗೆ ತೊಂದರೆಯಾಯಿತು’ ಅಂತಿದೆ.”

ಅವರು ಆ ಸಾಲು ಹೊಡೆದುಹಾಕಿ, ‘ಮಗು ತೀರಿಕೊಂಡಿತು’ ಎಂದು ಬರೆದರು.