ಹಳದಿ ಚೀಟಿಯ ಹರಿದ ಅಂಚು

ಪಾರ್ಜಿಟರ್ ಮೇಷ್ಟ್ರು ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಕಾರಿನ ಕಡೆ ನಡೆಯುವ ರೀತಿಯೇ ಡಿಂಪ್ನಾಗೆ ಸರಿಕಾಣುತ್ತಿರಲಿಲ್ಲ. ತನ್ನದೇ ವಸ್ತುವನ್ನು ಯಾರೂ ಹಾಗೆ ಹಿಡಿಯುವುದಿಲ್ಲ ಎಂದು ಅವಳ ಅನಿಸಿಕೆ.

ಹನ್ನೊಂದು ವರ್ಷ ಆ ಡಬ್ಬಿ ಅವಳ ಅಡುಗೆಮನೆಯ ಮೇಜಿನ ಮೇಲೆಯೇ ತೆರೆದುಕೊಳ್ಳುತ್ತಿತ್ತು. ಐರ್ಲೆಂಡಿನ ಪುಟ್ಟ ಊರು ಬ್ಯಾಲಿನಕೂರಾದ ಫಿಲ್ಮ್ ಸೊಸೈಟಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಚರ್ಚಿನ ಹಾಲ್‌ನಲ್ಲಿ ಒಂದು ಚಿತ್ರ ತೋರಿಸುತ್ತಿತ್ತು. ಐರಿಶ್ ಇಲ್ಲವೇ ಬ್ರಿಟಿಷ್ ಚಿತ್ರವೇ ಆಗಬೇಕೆಂಬುದು ಸೊಸೈಟಿ ಕಟ್ಟಿದ ಪಾದ್ರಿ ಹಾಕಿಹೋದ ನಿಯಮ. ಅಮೆರಿಕದ್ದನ್ನು ನೋಡಲು ಎಲ್ಲರ ಮನೆಯಲ್ಲೂ ಟಿವಿ ಇದೆಯಲ್ಲ ಎಂದು ಅವರ ವಾದ. ಒಳಗೆ ಹೋಗುವಾಗ ಪ್ರತಿಯೊಬ್ಬರ ಕೈಗೂ ಬೆರಳುದ್ದದ ಹಳದಿ ಚೀಟಿಯೊಂದು ಸಿಗುತ್ತಿತ್ತು. ಅದರ ಅಂಚಿನಲ್ಲಿ ಒಂದರಿಂದ ಐದರವರೆಗೆ ಅಂಕಿಗಳು. ಬಹಳ ಹಿಡಿಸಿದರೆ ಐದರ ಬಳಿ, ಸಾಧಾರಣವಾದರೆ ಮೂರರ ಬಳಿ ಅಂಚನ್ನು ಹರಿದು, ಹೊರಗೆ ಬರುವಾಗ ಆ ಡಬ್ಬಿಗೆ ಹಾಕಬೇಕು. ಹೆಸರಿಲ್ಲ, ಪೆನ್ನು ಬೇಕಿಲ್ಲ. ಚಿತ್ರ ಮುಗಿದು ದೀಪ ಹತ್ತುವ ಮೊದಲೇ ಹಾಲ್ ತುಂಬ ಚರ್ ಚರ್ ಎಂದು ಕಾಗದ ಹರಿಯುವ ಸದ್ದು ಏಳುತ್ತಿತ್ತು. ವರ್ಷದ ಕೊನೆಗೆ ಸರಾಸರಿಯಲ್ಲಿ ಮೇಲೆ ಬಂದದ್ದು ಆ ವರ್ಷ ಊರಿಗೆ ಅಚ್ಚುಮೆಚ್ಚಿನ ಚಿತ್ರ. ಕೊನೆಯ ಭಾನುವಾರ ಅದನ್ನೇ ಮತ್ತೊಮ್ಮೆ ತೋರಿಸುವುದು ವಾಡಿಕೆ.

ಈ ವರ್ಷ ಕಾರ್ಯದರ್ಶಿಯಾದ ಪಾರ್ಜಿಟರ್ ಇಂಗ್ಲೆಂಡಿನವರು, ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಊರಿಗೆ ಬಂದು ಆರು ವರ್ಷವಾಗಿತ್ತು. ಬ್ಯಾಲಿನಕೂರಾದ ಲೆಕ್ಕದಲ್ಲಿ ಆರು ವರ್ಷವೆಂದರೆ ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ ಎಂದೇ ಅರ್ಥ. ಮೊದಲ ಸಭೆಯಲ್ಲಿಯೇ ಅವರು, "ಟೀ ಮಾಡೋರೇ ಚೀಟಿನೂ ಎಣಿಸ್ಬೇಕು ಅಂದ್ರೆ ನಿಮಗೆ ತೊಂದರೆ ಅಲ್ವೇ, ಡಿಂಪ್ನಾ ಅವರೇ? ಅದನ್ನ ನಾನು ನೋಡ್ಕೋತೀನಿ" ಎಂದಿದ್ದರು. ನಯವಾಗಿಯೇ ಅಂದಿದ್ದರು. ಆ ನಯವೇ ಅವಳಿಗೆ ಚುಚ್ಚಿತ್ತು.

ಇದೆಲ್ಲ ಅವಳಿಗೆ ಇಷ್ಟು ಮುಖ್ಯವಾಗಲು ಕಾರಣ ಫೆಬ್ರವರಿಯಲ್ಲಿ ಬಂದ ಚಿತ್ರ. ಅದಕ್ಕೊಂದು ಹೆಸರಿತ್ತು, ಆದರೆ ಊರಿನಲ್ಲಿ ಎಲ್ಲರೂ 'ನಮ್ಮ ಫಿಲ್ಮು' ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಡಬ್ಲಿನ್‌ನಿಂದ ಬಂದವರು ಇದೇ ಬೀದಿಗಳಲ್ಲಿ ಅದನ್ನು ತೆಗೆದಿದ್ದರು. ಅರ್ಧ ಊರು ಅದರಲ್ಲಿ ನಡೆದಾಡುತ್ತದೆ, ಮೀನು ಕೊಳ್ಳುತ್ತದೆ, ಶವದ ಹಿಂದೆ ಹೋಗುತ್ತದೆ. ಡಿಂಪ್ನಾಳ ಗಂಡ ಕೋಲ್ಮನ್ ಒಂದು ಬಾಗಿಲನ್ನು ಬೆನ್ನ ಮೇಲೆ ಹೊತ್ತು ರಸ್ತೆ ದಾಟುತ್ತಾನೆ. ನಾಲ್ಕು ಸೆಕೆಂಡು. ಕೋಲ್ಮನ್ ಸತ್ತು ನಾಲ್ಕು ವರ್ಷವಾಗಿತ್ತು. ಅವನ ಫೋಟೋಗಳಿದ್ದವು, ಎಲ್ಲವೂ ಮದುವೆಗಳಲ್ಲಿ ಉಸಿರು ಬಿಗಿಹಿಡಿದು ನಿಂತವು. ಅವನು ನಡೆಯುವುದು ಎಲ್ಲಿಯಾದರೂ ಉಳಿದಿದ್ದರೆ ಅದು ಆ ಚಿತ್ರದಲ್ಲಿ ಮಾತ್ರ. ಅದು ವಿಡಿಯೋ ಕ್ಯಾಸೆಟ್ಟಾಗಿ ಬಂದಿರಲಿಲ್ಲ. ಇದ್ದ ಒಂದೇ ಪ್ರತಿ ಡಬ್ಲಿನ್‌ನ ಸಂಗ್ರಹಾಲಯವೊಂದರಲ್ಲಿತ್ತು.

ಆ ಭಾನುವಾರ ಅವಳು ಹಾಲ್‌ನ ಹಿಂದಿನ ಅಡುಗೆಮನೆಯಲ್ಲಿ ನೀರು ಕುದಿಯುವುದನ್ನು ಕಾಯುತ್ತಿದ್ದಳು. ಕೋಲ್ಮನ್ ಕೊನೆಯ ಭಾಗದಲ್ಲಿ ಬರುತ್ತಾನೆಂದು ಯಾರೋ ಹೇಳಿದ್ದರು. ಅವನು ನಡುವೆಯೇ ಬಂದ. "ಅಗೋ ನೋಡ್ರೋ ಕೋಲ್ಮನ್ನು" ಎಂಬ ದನಿ ಕೇಳಿ ಅವಳು ಟವೆಲ್ ಹಿಡಿದುಕೊಂಡೇ ಓಡಿದಳು. ಪರದೆಯ ಮೇಲೆ ಯಾವಳೋ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು.

ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಕೆಲವರು ಕಣ್ಣೊರೆಸಿಕೊಂಡಿದ್ದರು. ಹಾಗಾಗಿ ಅದೇ ಗೆಲ್ಲುತ್ತದೆ, ಏಪ್ರಿಲ್‌ನಲ್ಲಿ ಮತ್ತೆ ಬರುತ್ತದೆ, ಆಗ ಟೀ ಗೀ ಏನಾದರೂ ಆಗಲಿ, ತಾನು ಎರಡನೇ ಸಾಲಿನಲ್ಲಿ ಕೂರುವುದೇ ಎಂದು ಅವಳು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು.

ಏಪ್ರಿಲ್ ಮೊದಲ ವಾರ ಹಾಲ್‌ನ ಕಿಟಕಿಯಲ್ಲಿ ಮೇಷ್ಟ್ರ ಟೈಪ್ ಮಾಡಿದ ಪಟ್ಟಿ ಬಂತು. ಮೊದಲನೆಯದು ಕಾಲುವೆ ದೋಣಿಯಲ್ಲಿ ಮೂವರು ಮುದುಕರು ಜಗಳವಾಡುತ್ತಾ ಹೋಗುವ ಇಂಗ್ಲಿಷ್ ಚಿತ್ರ, ನಾಲ್ಕು ಪಾಯಿಂಟ್ ಎರಡು. 'ನಮ್ಮ ಫಿಲ್ಮು' ಏಳನೆಯದು, ಎರಡು ಪಾಯಿಂಟ್ ಒಂಬತ್ತು.

ಡಿಂಪ್ನಾ ಪಟ್ಟಿಯನ್ನು ಮೂರು ಸಲ ಓದಿದಳು. ಆಮೇಲೆ ಕನ್ಸೆಪ್ಟಾಳನ್ನು ಹುಡುಕಿಕೊಂಡು ಅಂಚೆ ಕಚೇರಿಗೆ ಹೋದಳು. ಕನ್ಸೆಪ್ಟಾ ಅಲ್ಲಿ ಸ್ಟಾಂಪು ಮಾರುವವಳು, ಶಾಲೆಯಿಂದಲೂ ಗೆಳತಿ, ಸೊಸೈಟಿಯ ಕಮಿಟಿಯಲ್ಲೂ ಇದ್ದವಳು.

"ಜನ ನಿಂತ್ಕೊಂಡು ಚಪ್ಪಾಳೆ ಹೊಡೆದ್ರು. ನೀನೂ ಹೊಡೆದೆ. ಏಳನೇದು ಹೇಗಾಗುತ್ತೆ?"

ಕನ್ಸೆಪ್ಟಾ ತಕ್ಕಡಿಯ ಮೇಲಿದ್ದ ಪಾರ್ಸೆಲನ್ನು ಸುಮ್ಮನೆ ಸರಿಸಿದಳು. "ಆಗುತ್ತಪ್ಪ. ಲೆಕ್ಕ ಅಂದ್ರೆ ಲೆಕ್ಕ."

"ಮೇಷ್ಟ್ರು ಹುಟ್ಟಿದ್ದು ಆ ಕಾಲುವೆ ಪಕ್ಕದ ಊರಲ್ಲಿ. ಅವರೇ ಹೇಳಿದ್ರು."

"ಮೆಲ್ಲಗೆ ಮಾತಾಡೇ. ಹಿಂದೆ ಲವೆಲ್ ಹೆಂಗಸು ನಿಂತಿದ್ದಾಳೆ. ಅವಳ ಕಿವಿ ಈ ಕೌಂಟರಿಗಿಂತ ಉದ್ದ."

ಗೆಳತಿ ತನ್ನ ಮುಖ ನೋಡಿ ಮಾತಾಡಲಿಲ್ಲವೆಂಬುದನ್ನು ಡಿಂಪ್ನಾ ಗಮನಿಸಿದಳು. ಅಂದರೆ ಕನ್ಸೆಪ್ಟಾಗೂ ಏನೋ ಗೊತ್ತಿದೆ. ಅಂದಿನಿಂದ ಅವಳು ನೋಡುತ್ತಲೇ ಹೋದಳು. ಮೇಷ್ಟ್ರು ಬೆಳಕಿರುವಾಗಲೇ ಮನೆಯ ಪರದೆ ಎಳೆಯುತ್ತಾರೆ. ಅಂಗಡಿಯಲ್ಲಿ ಎದುರಾದರೆ ಹವಾಮಾನದ ಮಾತು ಮುಗಿಯುವ ಮೊದಲೇ ಹೊರಡುತ್ತಾರೆ. ಒಂದು ಮಂಗಳವಾರ ಅವರು ಒಲೆಗೆ ಉರಿಸುವ ಪೀಟ್ ಮಣ್ಣಿನ ಇಟ್ಟಿಗೆಯ ಚೀಲ ತುಂಬಿಸಲು ಕಾರಿನ ಡಿಕ್ಕಿ ತೆರೆದಾಗ, ಚೌಕುಳಿ ಕಂಬಳಿಯ ಕೆಳಗೆ ತಗಡಿನ ದುಂಡು ಡಬ್ಬಿಗಳ ಅಂಚು ಕಂಡಿತು. ಫಿಲ್ಮಿನ ರೀಲುಗಳ ಡಬ್ಬಿ, ಐದು. ಮೇಲೆ ಡಬ್ಲಿನ್ ಸಂಗ್ರಹಾಲಯದ ಹಸಿರು ಚೀಟಿ. ಫೆಬ್ರವರಿಯಲ್ಲೇ ಹಿಂತಿರುಗಬೇಕಿದ್ದ ಚಿತ್ರ ಏಪ್ರಿಲ್‌ನಲ್ಲಿ ಒಬ್ಬ ಮನುಷ್ಯನ ಡಿಕ್ಕಿಯಲ್ಲಿ.

ಆ ದಿನ ಅವಳು ಸೊಸೈಟಿಯ ಅಧ್ಯಕ್ಷ ಫರ್ಗಲ್ ಟೂಹಿಯ ಅಂಗಡಿಗೆ ಹೋಗಿ, ಚೀಟಿಗಳನ್ನು ಕಮಿಟಿಯ ಮುಂದೆ ತೆರೆಯಬೇಕು ಎಂದಳು. ಫರ್ಗಲ್ ಮೊಳೆ, ಬಣ್ಣ ಮಾರುವವನು, ಪ್ರೊಜೆಕ್ಟರ್ ಓಡಿಸುವವನೂ ಅವನೇ.

"ಮೇಷ್ಟ್ರು ಕಳ್ಳ ಅಂತೀಯಾ?"

"ನಾನು ಹಾಗೆ ಅಂದೆನಾ? ತೆರೆದು ನೋಡೋಣ ಅಂದೆ."

"ಅಂದ್ರೆ ಅದೇ ಅಲ್ವೇನಮ್ಮಾ," ಎಂದು ಅವನು ತಲೆ ಕೆರೆದುಕೊಂಡ. "ಗುರುವಾರ ಊಟ ಆದ್ಮೇಲೆ ಬಾ. ಯಾರ ಹತ್ರಾನೂ ಬಾಯಿ ಬಿಡಬೇಡ."

ಗುರುವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಅಂಗಡಿಯ ಹಿಂಕೋಣೆಯಲ್ಲಿ, ಬಣ್ಣದ ಡಬ್ಬಿಗಳ ನಡುವೆ, ಫರ್ಗಲ್, ಕನ್ಸೆಪ್ಟಾ, ಮೇಷ್ಟ್ರು, ಡಿಂಪ್ನಾ ನಾಲ್ವರೂ ಕೂತರು. ಮೇಷ್ಟ್ರು 'ನಮ್ಮ ಫಿಲ್ಮಿ'ನ ಚೀಟಿಗಳಿದ್ದ ಕಂದು ಲಕೋಟೆಯನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿಕೊಂಡರು. "ನಲವತ್ತಾರು ಟಿಕೆಟ್, ನಲವತ್ತಾರು ಚೀಟಿ. ನೋಡಿ, ದಯವಿಟ್ಟು." ಅವರ ಕುತ್ತಿಗೆ ಕೆಂಪಾಗಿತ್ತು. ತಪ್ಪಿತಸ್ಥನ ಕುತ್ತಿಗೆಯೂ ಹಾಗೆಯೇ ಕೆಂಪಾಗುತ್ತದೆ ಎಂದು ಡಿಂಪ್ನಾ ಮನಸ್ಸಿನಲ್ಲೇ ಅಂದುಕೊಂಡಳು.

ಅವಳು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಹರಡಿದಳು. ಮೊದಲು ಕಾಗದದ ಬಣ್ಣ ನೋಡಿದಳು. ಎಲ್ಲವೂ ಒಂದೇ ಹಳದಿ. ಆಮೇಲೆ ಹರಿದ ರೀತಿ. ಒಬ್ಬನೇ ಕೂತು ನಲವತ್ತಾರನ್ನು ಹರಿದರೆ ಕೈಗುಣ ಗೊತ್ತಾಗಿಯೇ ಆಗುತ್ತದೆ. ಆದರೆ ಒಂದು ಉಗುರಿನಿಂದ ಸೀಳಿದ್ದು, ಒಂದು ಹಲ್ಲಿನಿಂದ ಕಚ್ಚಿದ್ದು, ಒಂದನ್ನು ಎರಡು ಸಲ ಮಡಿಸಿ ನಾಜೂಕಾಗಿ ಚಿವುಟಿದ್ದು. ಮೂರು, ಎರಡು, ಮೂರು, ಮೂರು, ನಾಲ್ಕು, ಎರಡು. ಐದು ಕಾಣಲೇ ಇಲ್ಲ.

"ಇವು ಜನರ ಚೀಟಿಯೇ ಅಲ್ಲ," ಎಂದಳು ಅವಳು. "ಅತ್ತವರು ಯಾರಾದ್ರೂ ಎರಡು ಕೊಡ್ತಾರಾ?"

ಕನ್ಸೆಪ್ಟಾ ಗೋಡೆಯ ಮೇಲಿನ ಬಣ್ಣದ ಪಟ್ಟಿಯನ್ನು ಓದುತ್ತಿದ್ದಳು.

ಡಿಂಪ್ನಾ ಮುಂದಿನ ಚೀಟಿ ತೆಗೆದುಕೊಂಡಳು. ಮೂರರ ಬಳಿ ಹರಿದಿತ್ತು. ಹಿಂದೆ ಪೆನ್ಸಿಲ್ ಗುರುತಿತ್ತು. ತಿರುಗಿಸಿದಳು. 'ಹಾಲು ಇನ್ನೆರಡು ಬಾಟಲಿ. ಲವೆಲ್ ಸಕ್ಕರೆ ಬಿಟ್ಟಿದ್ದಾಳೆ.'

ಅಕ್ಷರ ಅವಳದೇ.

ನೆನಪು ಒಮ್ಮೆಲೇ ಬಂತು. ಚಪ್ಪಾಳೆ ಮುಗಿದಾಗ ಅವಳು ಟವೆಲ್ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಮಿಸೆಸ್ ಲವೆಲ್ ಪಕ್ಕದಲ್ಲೇ ಇದ್ದಳು, ಕಣ್ಣು ನೇರವಾಗಿ ಡಿಂಪ್ನಾಳ ಕೈಯ ಮೇಲೆ. ಸ್ವಂತ ಗಂಡ ಇರುವ ಚಿತ್ರಕ್ಕೆ ಐದು ಕೊಟ್ಟಳಂತೆ, ನಾಲ್ಕು ಸೆಕೆಂಡಿಗೇ ಎಷ್ಟು ಮೆರೆದಳು ನೋಡಿ ಎಂದು ನಾಳೆ ಬೆಳಗಿನ ಚರ್ಚಿನ ಪೂಜೆಯ ಹೊತ್ತಿಗೆ ಹಬ್ಬುತ್ತದೆ. ಹೇಗೂ ಬೇರೆಯವರೆಲ್ಲ ಐದು ಕೊಟ್ಟೇ ಕೊಡುತ್ತಾರೆ. ಕೈ ತಾನಾಗಿಯೇ ಮೂರರ ಬಳಿ ಹೋಗಿತ್ತು. ಅವನನ್ನು ನೋಡದೆಯೇ ಅವನಿಗೆ ಮೂರು ಕೊಟ್ಟಿದ್ದಳು.

ಆ ಚೀಟಿಯನ್ನು ರಾಶಿಯೊಳಗೆ ಸೇರಿಸಿಬಿಡಬಹುದಿತ್ತು. ಯಾರೂ ನೋಡಿರಲಿಲ್ಲ. ಅವಳು ಒಂದು ಗಳಿಗೆ ಅದನ್ನು ಬೆರಳ ನಡುವೆ ಹಿಡಿದಿದ್ದು, ಆಮೇಲೆ ಮೇಜಿನ ನಡುವಿಗೆ ತಳ್ಳಿದಳು.

"ಇದು ನಂದು," ಎಂದಳು. "ಚೀಟಿಗಳು ಸರಿಯಾಗೇ ಇವೆ."

ಫರ್ಗಲ್ ಬಗ್ಗಿ ಓದಿದ. "ಆ ಹಲ್ಲಲ್ಲಿ ಕಚ್ಚಿದ್ದು ನಂದು," ಎಂದ. "ನನ್ನ ಅಂಗಡಿ ಬೋರ್ಡು ಒಂದು ನಿಮಿಷ ಕಾಣುತ್ತಲ್ಲ. ಐದು ಕೊಟ್ಟಿದ್ರೆ ಜಾಹೀರಾತು ಅನ್ನೋರು."

"ನಾನು ಎರಡು ಕೊಟ್ಟೆ," ಎಂದಳು ಕನ್ಸೆಪ್ಟಾ, ಇನ್ನೂ ಗೋಡೆಯನ್ನೇ ನೋಡುತ್ತಾ. "ಶವದ ಮೆರವಣಿಗೇಲಿ ನಾನು ಕ್ಯಾಮೆರಾ ನೋಡಿ ಹಲ್ಲು ಕಿರೀತೀನಿ ಕಣೇ. ನನ್ನ ಮುಖಕ್ಕೆ ನಾನೇ ಐದು ಕೊಟ್ಕೊಳ್ಳಕ್ಕಾಗುತ್ತಾ? ಅಂಚೆ ಕಚೇರೀಲಿ ನೀನು ಕೇಳ್ದಾಗಲೇ ಹೇಳಬೇಕಿತ್ತು. ನಾಚಿಕೆ ಆಯ್ತು."

"ನಾನು ಐದು ಕೊಟ್ಟೆ," ಎಂದರು ಮೇಷ್ಟ್ರು. ರಾಶಿಯ ತಳದಿಂದ ಎರಡು ಸಲ ಮಡಿಸಿದ ಇನ್ನೊಂದು ಚೀಟಿ ಎಳೆದು ತೋರಿಸಿದರು. "ನಲವತ್ತಾರರಲ್ಲಿ ಇದೊಂದೇ. ನಿಮಗೆ ಆ ಚಿತ್ರ ಇಷ್ಟೊಂದು ಬೇಡವಾಗಿದೆ ಅಂತ ನನಗೆ ಗೊತ್ತಿರಲಿಲ್ಲ."

"ಬೇಡ ಅಂತ ಯಾರ್ ಹೇಳಿದ್ರು ಮೇಷ್ಟ್ರೇ," ಎಂದ ಫರ್ಗಲ್.

ಡಿಂಪ್ನಾ ಕನ್ನಡಕ ತೆಗೆದಳು. ಆದರೂ ಕೇಳದೆ ಬಿಡಲು ಅವಳಿಂದ ಆಗಲಿಲ್ಲ. "ನಿಮ್ಮ ಡಿಕ್ಕೀಲಿ ಐದು ಡಬ್ಬಿ ಯಾಕಿದೆ?"

ಮೇಷ್ಟ್ರು ಅವಳನ್ನು ಮೊದಲ ಸಲ ನೇರವಾಗಿ ನೋಡಿದರು. "ಚಪ್ಪಾಳೆ ಕೇಳಿ ಅದೇ ಗೆಲ್ಲುತ್ತೆ ಅಂದ್ಕೊಂಡೆ. ಮತ್ತೆ ತರಿಸೋದು ಕಷ್ಟ ಅಂತ ಡಬ್ಲಿನ್‌ಗೆ ಬರೆದು ಏಪ್ರಿಲ್ ಕೊನೇವರೆಗೂ ಇಟ್ಕೊಂಡೆ. ಮನೆ ತೇವ, ಕಾರೇ ವಾಸಿ. ಪಟ್ಟಿ ಆದ್ಮೇಲೆ ಹೇಳೋಕೆ ಮುಜುಗರ ಆಯ್ತು. ಮುಂದಿನ ವಾರ ವಾಪಸ್ ಕಳಿಸ್ಬೇಕು."

"ಹಾಗಾದ್ರೆ ಭಾನುವಾರ ಅದನ್ನೇ ಹಾಕೋಣ," ಎಂದಳು ಕನ್ಸೆಪ್ಟಾ.

"ಇಲ್ಲ. ಚೀಟಿ ಹೇಳಿದ್ದೇ ಫಲಿತಾಂಶ. ಕಾಲುವೆ ಚಿತ್ರ ಗೆದ್ದಿದೆ, ಅದನ್ನೇ ತೋರಿಸ್ಬೇಕು." ಮೇಷ್ಟ್ರು ಚೀಟಿಗಳನ್ನು ಲಕೋಟೆಗೆ ತುಂಬತೊಡಗಿದರು. ಇಂಥ ಮನುಷ್ಯನೊಡನೆ ಆರು ವರ್ಷವಾದರೂ ಯಾರೂ ಸ್ನೇಹ ಮಾಡದಿದ್ದುದರಲ್ಲಿ ಆಶ್ಚರ್ಯವಿಲ್ಲ ಎಂದು ಡಿಂಪ್ನಾಗೆ ಅನ್ನಿಸುತ್ತಿರುವಾಗಲೇ ಅವರು ತಲೆಯೆತ್ತದೆ ಕೇಳಿದರು, "ನಿಮ್ಮ ಯಜಮಾನರು ಯಾವ ರೀಲಿನಲ್ಲಿ ಬರ್ತಾರೆ?"

"ನಾನು ನೋಡ್ಲಿಲ್ಲ. ಟೀ ಮಾಡ್ತಿದ್ದೆ."

ಅದು ಆ ಮೂವರಿಗೂ ಗೊತ್ತಿರಲಿಲ್ಲ. ಹೇಳಿಕೊಳ್ಳುವುದು ಅವಳ ಸ್ವಭಾವವೂ ಆಗಿರಲಿಲ್ಲ.

"ಮೂರನೇದು," ಎಂದ ಫರ್ಗಲ್. "ಬಾಗಿಲು ಹೊತ್ಕೊಂಡು."

"ಮುಖ್ಯ ಚಿತ್ರಕ್ಕೆ ಮುಂಚೆ ಇಪ್ಪತ್ತು ನಿಮಿಷದ ಒಳಗಿನ ಏನನ್ನಾದ್ರೂ ತೋರಿಸೋಕೆ ಕಾರ್ಯದರ್ಶಿಗೆ ಅಧಿಕಾರ ಇದೆ," ಎಂದರು ಮೇಷ್ಟ್ರು. "ಒಂದು ರೀಲು ಹದಿನೆಂಟು ನಿಮಿಷ."

ಭಾನುವಾರ ಟೀ ಮಾಡುವ ಕೆಲಸ ಕನ್ಸೆಪ್ಟಾಳದಾಗಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಡಿಂಪ್ನಾಗೆ ಅಡುಗೆಮನೆಯಲ್ಲಿ ಕಪ್ಪು ಒಡೆದ ಸದ್ದು ಕೇಳಿತು. ಕಷ್ಟಪಟ್ಟು ತಿರುಗದೆ ಕೂತಳು. ಹಿಂದಿನ ಸಾಲಿನಲ್ಲಿ ಮಿಸೆಸ್ ಲವೆಲ್ ಮಿಠಾಯಿ ಚೀಪುತ್ತಿದ್ದಳು.

ದೀಪ ಆರಿತು. ಮೀನಿನ ಅಂಗಡಿ, ಮಳೆ, ಒಂದು ನಾಯಿ. ಆಮೇಲೆ ಎಡಗಡೆಯಿಂದ ಒಂದು ಹಸಿರು ಬಾಗಿಲು, ಅದರ ಕೆಳಗೆ ಕೋಲ್ಮನ್. ಬಲಗಾಲು ಸ್ವಲ್ಪ ಹೊರಕ್ಕೆ ಎಸೆದು ನಡೆಯುವುದನ್ನು ಅವಳು ಮರೆತೇಬಿಟ್ಟಿದ್ದಳು. ರಸ್ತೆಯ ನಡುವೆ ಅವನು ಕ್ಯಾಮೆರಾದ ಆಚೆಗೆ ಯಾರನ್ನೋ ನೋಡಿ ಹುಬ್ಬು ಹಾರಿಸಿದ. ಯಾರನ್ನು ಎಂಬ ಅನುಮಾನ ಅಭ್ಯಾಸದಂತೆ ಎದ್ದಿತು. ಆಮೇಲೆ ನೆನಪಾಯಿತು: ಆ ಬೆಳಿಗ್ಗೆ ಚಿತ್ರ ತೆಗೆಯುವವರು ಕಟ್ಟಿದ್ದ ಹಗ್ಗದ ಈಚೆಗೆ, ಅವನ ಊಟದ ಡಬ್ಬಿ ಹಿಡಿದು ನಿಂತಿದ್ದವಳು ತಾನೇ.

ಬಾಗಿಲು ಬಲಗಡೆಗೆ ಹೋಯಿತು. ಹೆಂಗಸು ಬಟ್ಟೆ ಒಣಹಾಕತೊಡಗಿದಳು.

ಒಂದೇ ರೀಲಿಗೆ ಚೀಟಿ ಇರಲಿಲ್ಲ. ಚೀಟಿ ಕೊಟ್ಟದ್ದು ಕಾಲುವೆ ಚಿತ್ರಕ್ಕೆ. ರೀಲು ಮುಗಿದು ಪರದೆ ಬೆಳ್ಳಗಾದಾಗ ಡಿಂಪ್ನಾ ಅದನ್ನೇ ಕೈಚೀಲದಿಂದ ತೆಗೆದು, ಹಿಂದಿನವಳಿಗೆ ಕಾಣುವಂತೆ ಭುಜದ ಎತ್ತರಕ್ಕೆ ಹಿಡಿದು, ಐದರ ಬಳಿ ನಿಧಾನವಾಗಿ ಹರಿದಳು. ಹಾಲ್‌ನಲ್ಲಿ ಬೇರೆ ಸದ್ದಿರಲಿಲ್ಲ. ಮಿಠಾಯಿ ಚೀಪುವುದು ನಿಂತಿತು. ಸ್ವಲ್ಪ ಹೊತ್ತಿನ ನಂತರ ಎಲ್ಲೋ ಬಲಗಡೆ ಇನ್ನೊಂದು ಚೀಟಿ ಹರಿಯಿತು, ಆಮೇಲೆ ಹಿಂದೆ ಮತ್ತೊಂದು.