ಗೋಲಿಸೋಡಾ ಬಾಟಲಿಯ ತೂಕ

"ಆ ತಕ್ಕಡಿ ಮುಟ್ಬೇಡ ಅಂದೆನಲ್ಲ!" ಜಲಜಾಕ್ಷಿ ತಮ್ಮನ ಕೈಯನ್ನು ಪಟ್ಟನೆ ತಳ್ಳಿದಳು.

ಟಿ. ನಗರದ ಹೋಟೆಲಿಗೆ ಬೀಗ ಹಾಕಿ ಬೆಳಿಗ್ಗೆಯೇ ಕ್ರೋಂಪೇಟೆಗೆ ಓಡಿಬಂದಿದ್ದ ಕಮಲಾಕರ, ಬಿದಿರು, ಮಡಕೆ, ಪುರೋಹಿತರು ಎಂದು ಅಲೆದು ಬೆವೆತುಹೋಗಿದ್ದ.

"ಎಂತ ಅಕ್ಕ, ಭಾವ ಅಲ್ಲಿ ಹಜಾರದಲ್ಲಿ ಮಲಗಿದ್ದಾರೆ, ನಿನಗೆ ತಕ್ಕಡಿ ಚಿಂತೆಯಾ? ಅಕ್ಕಿ ಇಡ್ಲಿಕ್ಕೆ ಜಾಗ ಬೇಕು ಮಾರಾಯ್ತಿ."

"ನೆಲದ ಮೇಲಿಡು. ಹೆಡ್‌ಮಾಷ್ಟ್ರು ಬಂದು ನೋಡುವ ತನಕ ಇದು ಹೀಗೇ ಇರ್ಬೇಕು."

ಅಡುಗೆಮನೆಯ ಕಟ್ಟೆಯ ಮೇಲಿದ್ದ ತಕ್ಕಡಿಯ ಒಂದು ತಟ್ಟೆಯಲ್ಲಿ ಗೋಲಿಸೋಡಾ ಬಾಟಲಿ, ಇನ್ನೊಂದರಲ್ಲಿ ತೂಕದ ಬಟ್ಟುಗಳು. ಮುಳ್ಳು ನೆಟ್ಟಗೆ ನಿಂತಿತ್ತು. ಆದರೆ ಅದೇಕೆಂದು ಬಂದವರಿಗೆಲ್ಲ ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

*

ಜಲಜಾಕ್ಷಿಯ ಗಂಡ ಸೀತಾರಾಮ ಮಾಷ್ಟ್ರು ಪಲ್ಲಾವರಂನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹುಳಿಗೆ ಅಡುಗೆ ಸೋಡಾ ಸೇರಿದರೆ ಲವಣ, ನೀರು, ಗಾಳಿ. ಏನೂ ನಾಶವಾಗುವುದಿಲ್ಲ, ಒಟ್ಟು ತೂಕ ಮೊದಲಿನಷ್ಟೇ. ಹಾಗೆಂದು ಒಮ್ಮೆ ತರಗತಿಯಲ್ಲಿ ತಕ್ಕಡಿಯ ಮೇಲಿಟ್ಟ ತೆರೆದ ಲೋಟದಲ್ಲಿ ನಿಂಬೆರಸಕ್ಕೆ ಸೋಡಾ ಹಾಕಿ ತೋರಿಸಿದರು. ನೊರೆ ಉಕ್ಕಿ ಗಾಳಿ ಹಾರಿಹೋಯಿತು, ತಟ್ಟೆ ಮೇಲೆದ್ದಿತು.

"ಎಲ್ಲಿ ಹೋಯ್ತು ಮೇಷ್ಟ್ರೇ ನಿಮ್ಮ ತೂಕ?" ಎಂದರು ಹೆಡ್‌ಮಾಷ್ಟ್ರು ವಿಷ್ಣುಮೂರ್ತಿ. ಹುಡುಗರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಅಂದಿನಿಂದ ಮಾಷ್ಟರಿಗೆ ಒಂದೇ ಹಟ: ಗಾಳಿ ಹೊರಗೆ ಹೋಗಬಾರದು. ಮನೆ ತುಂಬ ಗೋಲಿಸೋಡಾ ಬಾಟಲಿಗಳು ಬಂದವು. ಒಂದರ ರಬ್ಬರು ಸವೆದಿತ್ತು, ಇನ್ನೊಂದರ ಗೋಲಿ ಕೂರುತ್ತಿರಲಿಲ್ಲ.

"ಸೋಡಾ ಅಂಗಡಿಯಾದ್ರೂ ಇಡಿ," ಎಂದು ಜಲಜಾಕ್ಷಿ ಎಷ್ಟೋ ಸಲ ರೇಗಿದ್ದಳು.

ನಿನ್ನೆ ಸಂಜೆ ಬಾಟಲಿಯೊಳಗೆ ನಿಂಬೆರಸ, ತೆಳುಕಾಗದದಲ್ಲಿ ಸುತ್ತಿದ ಸೋಡಾ ಹಾಕಿ, ತೂಗಿ, ತಲೆಕೆಳಗು ಮಾಡಿದರು. ಒಳಗೆ ಗಾಳಿ ಎದ್ದು ಗೋಲಿ ಬಾಯಿಗೆ ಭದ್ರವಾಗಿ ಕೂತಿತು. ಮತ್ತೆ ತಟ್ಟೆಯಲ್ಲಿಟ್ಟರು; ಮುಳ್ಳು ನೆಟ್ಟಗೇ ನಿಂತಿತು.

"ಬೆಳಗಿನವರೆಗೆ ಮುಳ್ಳು ಅಲ್ಲಾಡದಿದ್ರೆ ಹೆಡ್‌ಮಾಷ್ಟರನ್ನು ಕರ್ಕೊಂಡು ಬರ್ತೇನೆ, ನೋಡು."

ಬೆಳಗಾದಾಗ ಮುಳ್ಳು ಅಲ್ಲಾಡಿರಲಿಲ್ಲ. ಮಾಷ್ಟ್ರೂ ಅಲ್ಲಾಡಲಿಲ್ಲ.

*

ವಿಷ್ಣುಮೂರ್ತಿ ಹಾರ ಹಿಡಿದು ಬಂದದ್ದು ಸುಡುಬಿಸಿಲಿನಲ್ಲಿ. ಜಲಜಾಕ್ಷಿ ಅಡುಗೆಮನೆ ಬಿಟ್ಟು ಬಾಗಿಲಿಗೆ ಧಾವಿಸಿದಳು.

"ಒಮ್ಮೆ ಒಳಗೆ ಬಂದು ನೋಡಿ, ಸರ್. ಇವರು ನಿಮಗೆಂದೇ ಇಟ್ಟದ್ದು."

"ಈಗ ಬೇಡಮ್ಮ. ಮೊದಲು ಕಾರ್ಯ ಮುಗೀಲಿ."

"ಆಮೇಲೆ ಯಾರು ನೋಡ್ತಾರೆ? ಒಂದು ಗಳಿಗೆ ಬನ್ನಿ!"

ಅವಳ ಮುಖ ನೋಡಿ ಅವರು ಚಪ್ಪಲಿ ಬಿಟ್ಟರು. ಅಷ್ಟರಲ್ಲಿ ಕಮಲಾಕರ ತಕ್ಕಡಿಯಲ್ಲಿದ್ದ ಬಾಟಲಿ ಹಿಡಿದು ಒಳಗಿನಿಂದ ಬಂದ. ಬೆವೆತು ಬಂದವರನ್ನು ಕಂಡರೆ ಹೋಟೆಲಿನವನ ಕೈ ಸುಮ್ಮನಿರುತ್ತದೆಯೇ?

"ಬಿಸಿಲಿಗೆ ಬಂದಿದ್ದೀರಿ ಸರ್, ಸೋಡಾ ಕುಡೀರಿ," ಎನ್ನುತ್ತ ಹೆಬ್ಬೆರಳಿನಿಂದ ಗೋಲಿ ಒತ್ತಿದ. ಬುಸ್ಸೆಂದಿತು.

"ಅಯ್ಯೋ ಪಾಪಿ!"

ಜಲಜಾಕ್ಷಿ ಹನಿಯೂ ಚೆಲ್ಲದಂತೆ ಬಾಟಲಿ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ತಟ್ಟೆಯಲ್ಲಿಟ್ಟಳು. ತಟ್ಟೆ ಮೆಲ್ಲಗೆ ಮೇಲೆದ್ದು ಅಲ್ಲೇ ನಿಂತಿತು. ಎದೆ ಒಡೆದುಹೋಗುವಷ್ಟು ಸಿಟ್ಟು ಬಂತು ಅವಳಿಗೆ. ತಮ್ಮನ ಮೇಲೆ, ಹೆಡ್‌ಮಾಷ್ಟರ ಮೇಲೆ, ಒಂದು ದಿನವೂ ಕಾಯದೆ ಹೋದ ಗಂಡನ ಮೇಲೆ.

ಹಿಂದೆಯೇ ಬಂದ ವಿಷ್ಣುಮೂರ್ತಿ ಹೊಸಿಲಲ್ಲಿ ನಿಂತರು. "ಏನು ನೋಡ್ಬೇಕಿತ್ತಮ್ಮ?"

ಹೊರಗೆ ಯಾರೋ ತಮಿಳಿನಲ್ಲಿ, "ನೇರಮಾಚ್ಚು, ತೂಕ್ಕುಂಗೊ!" ಹೊತ್ತಾಯ್ತು, ಎತ್ತಿ ಎಂದು ಕೂಗಿದರು. ಚಟ್ಟ ಎತ್ತುವ ಸದ್ದು ಕೇಳಿಸಿತು. ಜಲಜಾಕ್ಷಿ ತಿರುಗಲಿಲ್ಲ. ಮೇಲೆದ್ದ ತಟ್ಟೆಯ ಅಂಚಿಗೆ ಕಿರುಬೆರಳು ಇಟ್ಟು, ಮುಳ್ಳು ನೆಟ್ಟಗಾಗುವ ತನಕ ಒತ್ತಿ, ಹಾಗೆಯೇ ಹಿಡಿದು ನಿಂತಳು.

"ಹೀಗಿತ್ತು, ಸರ್."